ಎದುರು ತುದಿಯ ಅಜೇಯ

ಬಸ್ ಡಿಪೋದ ಬ್ರೇಕ್ ವಿಭಾಗದಲ್ಲಿ ಒಬ್ಬ ಫಿಟ್ಟರ್ ಇದ್ದ. ತಾಯಿ ತಂದೆ ಇಟ್ಟ ಹೆಸರು ಹಾಜರಿಯಲ್ಲಿ ಮಾತ್ರ ಇತ್ತು, ಜನರ ಬಾಯಲ್ಲಿ ಅವನು ಅಜೇಯಣ್ಣ. ಕ್ರಿಕೆಟ್ಟಿನಲ್ಲಿ ಇನಿಂಗ್ಸ್ ಮುಗಿದಾಗ ಔಟಾಗದೆ ಉಳಿದವನ ಹೆಸರಿನ ಪಕ್ಕ ಪತ್ರಿಕೆಯವರು ‘ಅಜೇಯ’ ಎಂದು ಬರೆಯುತ್ತಾರಲ್ಲ, ಆ ಪದ ಬಂದು ಅವನಿಗೆ ಅಂಟಿಕೊಂಡಿತ್ತು. ಎಂಥ ಪದ ನೋಡಿ! ಯಾರೂ ಗೆಲ್ಲಲಾಗದವನು. ಭಗವಂತನಿಗೆ ಸಲ್ಲಬೇಕಾದ ಬಿರುದು. ಅಂಥ ಬಿರುದು, ಬಸ್ಸಿನ ಅಡಿಯ ಗುಂಡಿಯಲ್ಲಿ ನಿಂತು ತಲೆಯ ಮೇಲೆ ಗ್ರೀಸು ಸುರಿಸಿಕೊಳ್ಳುವ ಒಬ್ಬ ಮನುಷ್ಯನಿಗೆ ಬಂದರೆ ಯಾರಿಗೆ ತಾನೆ ಸಂತೋಷವಾಗದು? ಡಿಪೋದವರಿಗೆಲ್ಲ ಆಗಿತ್ತು. ಆಗದೆ ಇದ್ದವನು ಅವನೊಬ್ಬನೇ.

ಅದೇ ಡಿಪೋದ ಟೈರ್ ವಿಭಾಗದಲ್ಲಿ ಅವನ ಹೆಂಡತಿಯ ತಮ್ಮ ಇದ್ದ. ಅವನನ್ನು ಎಲ್ಲರೂ ಟೈರು ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ, ಅಕ್ಕನ ಮನೆಯ ಮಹಡಿಯ ಮೇಲಿನ ಕೋಣೆಯಲ್ಲೇ ವಾಸ. ಕೈಗಳು ಸದಾ ಕಪ್ಪು, ಹಲ್ಲುಗಳು ಸದಾ ಬಿಳುಪು. ನಗದೆ ಇರುವ ಹೊತ್ತಿನಲ್ಲಿ ಅವನನ್ನು ಕಂಡವರು ಕಡಿಮೆ. ಭಾವ, ಭಾವಮೈದ ಇಬ್ಬರೂ ಡಿಪೋ ತಂಡದಲ್ಲಿ ಆಡುತ್ತಿದ್ದರು. ಐದನೆಯವನಾಗಿ ಟೈರು ಇಳಿದರೆ, ಆರನೆಯವನಾಗಿ ಅಜೇಯಣ್ಣ.

ಆ ಶನಿವಾರ ಪಾಳಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ತಂಡದವರೆಲ್ಲ ಸೇರಿದ್ದರು. ಎಲ್ಲ ಡಿಪೋಗಳಿಂದ ಆಟಗಾರರನ್ನು ಆರಿಸಿ ಒಂದು ದೊಡ್ಡ ತಂಡ ಕಟ್ಟುತ್ತಾರೆ, ಅದಕ್ಕಾಗಿ ನಾಳಿನ ಪಂದ್ಯ ನೋಡಲು ಮೇಷ್ಟ್ರು ಬರುತ್ತಾರೆ ಎಂದು ಸುದ್ದಿಯಾಗಿತ್ತು. ಮೇಷ್ಟ್ರು ಎಂದರೆ ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು. ಅವರು ಒಪ್ಪಿದರೆ ಆಯಿತು. ಈ ಡಿಪೋದಿಂದ ಅವರು ಒಬ್ಬ ಬ್ಯಾಟ್ಸ್‌ಮನ್ನನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಟೈರಿಗೆ ಆ ಜಾಗದ ಮೇಲೆ ಎಷ್ಟು ಆಸೆಯಿತ್ತೆಂದರೆ, ಒಂದು ವಾರದಿಂದ ಅವನು ಊಟಕ್ಕೆ ಕೂತಾಗಲೂ ಚಮಚವನ್ನು ಬ್ಯಾಟಿನಂತೆ ಹಿಡಿಯುತ್ತಿದ್ದ.

ಉಗ್ರಾಣದ ಗುಮಾಸ್ತರು ಗೋಡೆಗೆ ಒಂದು ಹಾಳೆ ಅಂಟಿಸಿ, ಕನ್ನಡಕ ಸರಿಮಾಡಿಕೊಂಡರು.

“ಈ ವರ್ಷದ ಸರಾಸರಿ ತೆಗೆದಿದ್ದೀನಿ. ನಮ್ಮ ಅಜೇಯಣ್ಣಂದು ಅರವತ್ತೊಂಬತ್ತು! ಯಾವ ಡಿಪೋದಲ್ಲೂ ಇಲ್ಲ ಸಾರ್.”

ಮ್ಯಾನೇಜರ್ ಸಾಹೇಬರು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು.

“ಟೈರು, ನಿಂದು ಹತ್ತೊಂಬತ್ತು.”

“ನಂದು ಸರಾಸರಿ ಅಲ್ಲ ಬಿಡಿ ಸಾರ್,” ಎಂದ ಟೈರು. “ಸರಸರ ಬರೋದು, ಸರಸರ ಹೋಗೋದು.”

ಕ್ಯಾಂಟೀನು ನಕ್ಕಿತು. ಅಜೇಯಣ್ಣನ ತುಟಿಯೂ ನಗುವಿನ ಆಕಾರಕ್ಕೆ ಬಂತು, ಆದರೆ ಕಣ್ಣು ಆ ಹಾಳೆಯ ಮೇಲೇ ಇತ್ತು. ಅವನು ಹನ್ನೊಂದು ಪಂದ್ಯಗಳಲ್ಲಿ ಹೊಡೆದದ್ದು ಇನ್ನೂರ ಎಂಟು ರನ್. ಟೈರು ಅದೇ ಹನ್ನೊಂದು ಪಂದ್ಯಗಳಲ್ಲಿ ಹೊಡೆದದ್ದು ಇನ್ನೂರ ಒಂಬತ್ತು. ಒಂದು ರನ್ ಹೆಚ್ಚು ಹೊಡೆದವನು ಲೆಕ್ಕದಲ್ಲಿ ಐವತ್ತು ಮೆಟ್ಟಿಲು ಕೆಳಗಿದ್ದ. ಯಾಕೆಂದರೆ ಸರಾಸರಿ ತೆಗೆಯುವಾಗ ರನ್ನನ್ನು ಆಡಿದ ಪಂದ್ಯಗಳಿಂದ ಭಾಗಿಸುವುದಿಲ್ಲ, ಔಟಾದ ಸಲಗಳಿಂದ ಭಾಗಿಸುತ್ತಾರೆ. ಟೈರು ಹನ್ನೊಂದು ಸಲವೂ ಔಟಾಗಿದ್ದ. ಅಜೇಯಣ್ಣ ಔಟಾದದ್ದು ಮೂರೇ ಸಲ.

“ಸಾಹೇಬ್ರೇ, ಒಂದು ನಿಯಮ ಮಾಡೋಣ,” ಎಂದರು ಗುಮಾಸ್ತರು. “ಇಪ್ಪತ್ತರ ಕೆಳಗಿರೋರು ನಾಳೆ ಹೊರಗೆ ಕೂರ್ಲಿ. ಮೇಷ್ಟ್ರು ಬರ್ತಿದ್ದಾರೆ, ಒಳ್ಳೆ ಸರಕನ್ನೇ ಅಂಗಡಿ ಮುಂದೆ ಇಡಬೇಕಲ್ವಾ? ಕಂಡಕ್ಟರ್ ಹುಡುಗನ್ನ ಹಾಕೋಣ.”

“ಒಂದು ಅಂಕಿಗೆ ಹೋಯ್ತಲ್ಲೋ ಟೈರು!” ಎಂದು ಯಾರೋ ಉದ್ಗರಿಸಿದರು.

ಸಾಹೇಬರು ಗಲ್ಲ ತುರಿಸಿಕೊಂಡು ಅಜೇಯಣ್ಣನ ಕಡೆ ತಿರುಗಿದರು. “ನೀವು ಹಿರಿಯರು. ಅವನ ಜೊತೆ ಯಾವಾಗಲೂ ಆಡೋರು ನೀವೇ. ಏನಂತೀರಿ? ಅವನ ಆಟ ಈ ಅಂಕಿಗಿಂತ ಚೆನ್ನಾಗಿದೆ ಅನ್ನಿಸಿದ್ರೆ ಹೇಳಿ, ಉಳಿಸೋಣ.”

ದೇವರು ಕೆಲವೊಮ್ಮೆ ಬಾಗಿಲನ್ನು ಪೂರ್ತಿ ತೆರೆದು, ಒಳಗೆ ಬಾ ಎಂದು ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಒಂದೇ ಮಾತು ಸಾಕಿತ್ತು. ಎಲ್ಲರೂ ಅಜೇಯಣ್ಣನ ಮುಖ ನೋಡುತ್ತಿದ್ದರು. ಟೈರು ಮಾತ್ರ ಟೀ ಲೋಟದ ತಳ ನೋಡುತ್ತಿದ್ದ.

“ಅಂಕಿ ಹೇಳಿದ ಮೇಲೆ ನಾನೇನು ಹೇಳೋದು ಸಾರ್,” ಎಂದ ಅಜೇಯಣ್ಣ. “ನನ್ನ ಸಂಬಂಧಿ ಅಂತ ಪಕ್ಷಪಾತ ಮಾಡಿದ ಹಾಗಾಗುತ್ತೆ.”

“ಭಲೇ!” ಎಂದರು ಗುಮಾಸ್ತರು. “ನ್ಯಾಯ ಅಂದ್ರೆ ಇದು!”

ಅಜೇಯಣ್ಣನಿಗೆ ಗೊತ್ತಿತ್ತು: ಸತ್ಯ ಹೇಳಬೇಕಾದ ಬಾಯಿ ನ್ಯಾಯದ ಮಾತಾಡಿ ತಪ್ಪಿಸಿಕೊಂಡಿತ್ತು.

ಸತ್ಯ ಏನೆಂದರೆ ಇದು. ಮೂರು ವರ್ಷದ ಹಿಂದೆ ಒಂದು ಪಂದ್ಯದಲ್ಲಿ ವೇಗದ ಚೆಂಡೊಂದು ಎದ್ದು ಅಜೇಯಣ್ಣನ ಕೆನ್ನೆಯ ಮೂಳೆಗೆ ಬಡಿದಿತ್ತು. ಊತ ಇಳಿಯಿತು, ಗಾಯ ಮಾಯಿತು, ಆದರೆ ಹೆದರಿಕೆ ಒಳಗೆ ಹೊಕ್ಕು ಕೂತುಬಿಟ್ಟಿತು. ನಿಧಾನ ಬೌಲರುಗಳನ್ನು ಅವನು ಚೆನ್ನಾಗಿಯೇ ಆಡುತ್ತಿದ್ದ. ಆದರೆ ದೂರದಿಂದ ಓಡಿ ಬರುವವನನ್ನು ಕಂಡರೆ ಕಾಲು ತಾನಾಗಿ ಹಿಂದೆ ಸರಿಯುತ್ತಿತ್ತು. ಇದನ್ನು ಗುರುತಿಸಿದವನು ಎದುರು ತುದಿಯಲ್ಲಿ ನಿಂತಿದ್ದ ಟೈರು. ಅವನು ಹತ್ತಿರ ಬಂದು, ಬ್ಯಾಟಿನಿಂದ ನೆಲ ಬಡಿಯುವ ನೆಪದಲ್ಲಿ, “ಭಾವ, ಆ ಬೌಲರ್‌ನ ನಾನು ನೋಡ್ಕೋತೀನಿ, ನೀವು ನಿಧಾನದವನನ್ನ ಆಡಿ,” ಎಂದ. ಅಷ್ಟೇ. ಆಮೇಲೆ ಆ ವಿಷಯವನ್ನು ಅವರಿಬ್ಬರೂ ಎಂದೂ ಮಾತಾಡಲಿಲ್ಲ. ಆದರೆ ಅಂದಿನಿಂದ ಅದೇ ರೂಢಿಯಾಯಿತು.

ಹಾಗೆ ಮಾಡುವುದು ಸುಲಭವಲ್ಲ. ಒಂಟಿ ರನ್ ಓಡಿದರೆ ಇಬ್ಬರೂ ತುದಿ ಬದಲಿಸುತ್ತಾರೆ, ಭಾವ ವೇಗದವನ ಎದುರಿಗೆ ಬರಬೇಕಾಗುತ್ತದೆ. ಆದ್ದರಿಂದ ಟೈರು ಆ ಓವರಿನಲ್ಲಿ ಒಂಟಿ ರನ್ನನ್ನು ಓಡುತ್ತಲೇ ಇರಲಿಲ್ಲ. ಎರಡು ಸಿಗಬೇಕು, ಇಲ್ಲ ನಾಲ್ಕು ಸಿಗಬೇಕು, ಇಲ್ಲವಾದರೆ ಮೈಗೆ ಏಟು ತಿನ್ನಬೇಕು. ಕೈಯಲ್ಲಿದ್ದ ಸುಲಭದ ರನ್ನುಗಳನ್ನು ಬಿಟ್ಟು ಕಷ್ಟದ ರನ್ನುಗಳಿಗೆ ಬೀಸಿದವನು ಔಟಾಗದೆ ಏನು ಮಾಡುತ್ತಾನೆ? ಅವನು ಹೀಗೆ ಔಟಾಗುತ್ತ ಹೋದ. ಭಾವ ಎದುರು ತುದಿಯಲ್ಲಿ ಅಜೇಯನಾಗುತ್ತ ಹೋದ. ಓಡಿದ ರನ್ನಿಗೆ ಲೆಕ್ಕವಿದೆ. ಇನ್ನೊಬ್ಬನಿಗಾಗಿ ಓಡದೆ ಬಿಟ್ಟ ರನ್ನಿಗೆ ಯಾವ ಗುಮಾಸ್ತನ ಹತ್ತಿರ ಲೆಕ್ಕವಿರುತ್ತದೆ? ಮೇಲಿರುವವನ ಹತ್ತಿರ ಮಾತ್ರ ಇರಬೇಕು.

ಇಬ್ಬರೂ ಮನೆಗೆ ಬಂದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಸುತ್ತ ಅರ್ಧ ಹೊಲಿದ ಶಾಲಾ ಸಮವಸ್ತ್ರಗಳು ಬಿದ್ದಿದ್ದವು. ಅವಳು ಕೇಳುವ ಮೊದಲೇ ಸುದ್ದಿ ತಮ್ಮನ ಬಾಯಿಂದ ಹೊರಬಿತ್ತು.

“ಅಕ್ಕಾ, ಸಿಹಿ ಮಾಡು. ಭಾವ ಅರವತ್ತೊಂಬತ್ತು. ನಾನು ನಾಳೆ ನೀರು ಹೊರೋದು.”

“ನೀರು ಹೊರೋದು ಅಂದ್ರೆ?”

“ಆಡೋರಿಗೆ ಬಾಯಾರುತ್ತಲ್ಲ. ಪುಣ್ಯದ ಕೆಲಸ ಕಣಕ್ಕ.”

ಅವಳು ಯಂತ್ರ ನಿಲ್ಲಿಸಿ ತಮ್ಮನನ್ನು ನೋಡಿದಳು. ನಗುತ್ತಿದ್ದಾನೆ, ಆದರೆ ಅಂಗಿ ಬಿಚ್ಚುವಾಗ ಎಡಗೈ ಎತ್ತಲು ಕಷ್ಟಪಡುತ್ತಿದ್ದಾನೆ. ಹೋದ ವಾರದ ಪಂದ್ಯದ ಏಟು. ಪಕ್ಕೆಯ ಮೇಲೆ ಅಂಗೈಯಗಲ ನೀಲಿಗಟ್ಟಿ, ಅಂಚು ಹಳದಿಗೆ ತಿರುಗಿತ್ತು. ಅದರ ಕೆಳಗೆ ಹಳೆಯದೊಂದು. ಅವಳು ಬಟ್ಟೆಯಲ್ಲಿ ಉಪ್ಪು ಕಟ್ಟಿ ಬಾಣಲೆಯ ಮೇಲೆ ಬಿಸಿ ಮಾಡಿ ತಂದು ಶಾಖ ಕೊಡತೊಡಗಿದಳು.

“ಮೆಲ್ಲಗೆ! ಬ್ರೆಡ್ಡು ಸುಡ್ತಿದ್ದೀಯೇನು?”

“ಬಾಯಿ ಮುಚ್ಚು. ಗಂಡಸಿಗೆ ಚೆಂಡು ತಾಗಿದ್ರೆ ಪರವಾಗಿಲ್ಲ, ಉಪ್ಪು ತಾಗಿದ್ರೆ ಕೂಗು.”

ಅಜೇಯಣ್ಣ ಕಿಟಕಿಯ ಹತ್ತಿರ ನಿಂತು ಉಗುರಿನ ಸಂದಿಯ ಗ್ರೀಸನ್ನು ಬಟ್ಟೆಯಿಂದ ಒರೆಸುತ್ತಿದ್ದ. ಹೆಂಡತಿ ಶಾಖ ಕೊಡುತ್ತಲೇ ಅವನ ಕಡೆ ನೋಡಿದಳು. ಅವಳ ಮಾತಿನಲ್ಲಿ ಯಾವ ಮೊನೆಯೂ ಇರಲಿಲ್ಲ. ಉಪ್ಪು ಇದೆಯಾ ಎಂದು ಕೇಳುವ ಹಾಗೆಯೇ ಕೇಳಿದಳು.

“ಅಲ್ಲಾ, ಇಬ್ಬರೂ ಒಂದೇ ಆಟ ತಾನೆ ಆಡೋದು? ಇವನ ಮೈಯೆಲ್ಲ ಹೀಗೆ, ನಿಮ್ಮ ಮೈಮೇಲೆ ಒಂದು ಗೆರೆ ಇಲ್ಲವಲ್ಲ?”

ಅಜೇಯಣ್ಣ ಒರೆಸಿದ ಉಗುರನ್ನೇ ಮತ್ತೆ ಒರೆಸಿದ.

“ಭಾವಂಗೆ ಆಡೋಕೆ ಬರುತ್ತೆ, ನನಗೆ ಬರಲ್ಲ,” ಎಂದ ಟೈರು. “ಆಡೋಕೆ ಬರದೋನು ಒದೆ ತಿಂತಾನೆ. ಶಾಲೇಲೂ ಹಾಗೇ ತಾನೆ ಇತ್ತು?”

ಅವಳು ನಕ್ಕು ಅವನ ತಲೆಗೆ ಮೊಟಕಿದಳು. ಅಜೇಯಣ್ಣ ಕೈ ತೊಳೆಯುತ್ತೇನೆಂದು ಹಿತ್ತಲಿಗೆ ಹೋದ. ನಲ್ಲಿ ಬಿಟ್ಟು, ಕೈ ಒಡ್ಡದೆ, ಸುಮ್ಮನೆ ನೀರು ನೋಡುತ್ತ ನಿಂತ. ಇಷ್ಟು ದಿನ ಭಾವಮೈದ ಚೆಂಡುಗಳಿಂದ ಅವನನ್ನು ಕಾಪಾಡಿದ್ದ. ಈಗ ಅಕ್ಕನ ಮುಂದೆ, ಅಕ್ಕನ ಪ್ರಶ್ನೆಯಿಂದಲೂ ಕಾಪಾಡಿದ. ಅದನ್ನೂ ಅಜೇಯಣ್ಣ ತೆಗೆದುಕೊಂಡುಬಿಟ್ಟಿದ್ದ, ಬೇಡ ಎನ್ನಲಿಲ್ಲ.

ಅವನು ದೈವಭಕ್ತ. ಪ್ರತಿದಿನ ಬೆಳಿಗ್ಗೆ ಸ್ನಾನ ಮಾಡಿ ಕಣ್ಣು ಮುಚ್ಚಿ ನಿಂತು ಪ್ರಾರ್ಥಿಸದೆ ಬಾಗಿಲು ದಾಟುವವನಲ್ಲ. ಭಾನುವಾರವೂ ನಿಂತ. ‘ಕಾಪಾಡಪ್ಪಾ’ ಎಂದು ಶುರು ಮಾಡಿದವನ ನಾಲಿಗೆ ಅರ್ಧದಲ್ಲೇ ನಿಂತಿತು. ಪಂದ್ಯದ ದಿನಗಳಲ್ಲಿ ತಾನು ಏನು ಬೇಡುತ್ತ ಬಂದಿದ್ದೇನೆಂದು ಮೊದಲ ಸಲ ಅವನ ಕಿವಿಗೇ ಕೇಳಿಸಿತು. ನನಗೆ ತಾಗದಿರಲಿ. ಅಷ್ಟೇ ತಾನೆ ಅವನು ಬೇಡುತ್ತಿದ್ದದ್ದು? ಚೆಂಡು ಹೇಗೂ ಬರುತ್ತದೆ, ಯಾರಿಗೋ ಒಬ್ಬರಿಗೆ ತಾಗಲೇಬೇಕು. ಹಾಗಾದರೆ ತಾನು ಇಷ್ಟು ದಿನ ದೇವರ ಮುಂದೆ ಕೈಮುಗಿದು ಕೇಳಿದ್ದು, ಆ ಹುಡುಗನಿಗೆ ತಾಗಲಿ ಎಂದೇ ಆಯಿತು. ಅವನು ಪ್ರಾರ್ಥನೆ ಮುಗಿಸದೆ ಕಣ್ಣು ತೆರೆದ.

ಎದುರಾಳಿ ಸೇತುವೆ ಡಿಪೋದವರು. ಅವರಲ್ಲಿ ದೂರದ ಊರುಗಳಿಗೆ ಬಸ್ ಓಡಿಸುವ ಡ್ರೈವರ್ ಒಬ್ಬನಿದ್ದ, ಆರಡಿ ಆಳು. ಅವನ ಬೌಲಿಂಗಿಗೂ ಬಸ್ಸಿಗೂ ಒಂದೇ ಹೆಸರು: ಎಕ್ಸ್‌ಪ್ರೆಸ್. ಮೇಷ್ಟ್ರು ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಗುಮಾಸ್ತರು, ಸಾಹೇಬರು. ಟೈರು ನೀರಿನ ಕ್ಯಾನಿನ ಪಕ್ಕ ಹುಲ್ಲಿನ ಮೇಲೆ ಕೂತು, ಒಂದು ಕಡ್ಡಿ ಕಚ್ಚುತ್ತಿದ್ದ.

ಅಂದು ಸಾಹೇಬರು ಅಜೇಯಣ್ಣನನ್ನು ಕೊನೆಯ ಆಸರೆಯಾಗಿ ಉಳಿಸಿಕೊಂಡು ಒಂಬತ್ತನೆಯವನಾಗಿ ಕಳಿಸಿದರು. ಅವನು ಮೈದಾನಕ್ಕೆ ಇಳಿದಾಗ ಗೆಲ್ಲಲು ಬೇಕಾದ ರನ್ ಹೆಚ್ಚೇನೂ ಇರಲಿಲ್ಲ, ಆದರೆ ವಿಕೆಟ್ಟುಗಳೂ ಹೆಚ್ಚಿರಲಿಲ್ಲ. ಇನ್ನೊಂದು ತುದಿಯಲ್ಲಿ ಕಂಡಕ್ಟರ್ ಚೆನ್ನಾಗಿ ಆಡುತ್ತಿದ್ದ. ಅವನ ಅಭ್ಯಾಸ ಎಂಥದೆಂದರೆ, ರನ್ನಿಗೆ ಓಡು ಎನ್ನಲು ‘ರೈಟ್, ರೈಟ್!’ ಎಂದು ಕೂಗುವುದು, ಬೇಡ ಎನ್ನಲು ‘ಹೋಲ್ಡಾನ್!’ ಎನ್ನುವುದು. ನೋಡುವವರಿಗೆ ಅದೇ ತಮಾಷೆ. “ಟಿಕೆಟ್ ತಗೊಂಡು ಓಡ್ರೋ!” ಎಂದು ಕೂಗುತ್ತಿದ್ದರು.

ನಿಧಾನದ ಬೌಲರಿಗೆ ಅಜೇಯಣ್ಣ ಒಂದು ಬೌಂಡರಿ ಹೊಡೆದ. ಸೊಗಸಾದ ಹೊಡೆತ. ಮೇಷ್ಟ್ರು ತಲೆದೂಗಿದರು. ಓವರಿನ ಕೊನೆಯ ಚೆಂಡು ಮೆಲ್ಲಗೆ ದೂರ ಉರುಳಿತು.

“ರೈಟ್, ರೈಟ್!”

ಓಡಿದರೆ ಮುಂದಿನ ಓವರಿಗೆ ಎಕ್ಸ್‌ಪ್ರೆಸ್‌ನ ಎದುರು ನಿಲ್ಲಬೇಕಾದವನು ತಾನೇ. ಅಜೇಯಣ್ಣ ಕೈ ಎತ್ತಿ ತಡೆದ. ಅರ್ಧ ದಾರಿ ಬಂದಿದ್ದ ಕಂಡಕ್ಟರ್ ಹಿಂದಕ್ಕೆ ಓಡಿದ. “ಯಾಕಣ್ಣಾ? ನಡೆದುಕೊಂಡು ಹೋದ್ರೂ ಸಿಗ್ತಿತ್ತಲ್ಲ?” ಎಂದು ಕೇಳಿದ. ಅಜೇಯಣ್ಣ ಶೂ ಲೇಸು ಕಟ್ಟುತ್ತ ಬಗ್ಗಿದ್ದ.

ಎಕ್ಸ್‌ಪ್ರೆಸ್ ಬಂದ. ಕಂಡಕ್ಟರ್ ಮೊದಲ ಚೆಂಡನ್ನು ಧೈರ್ಯವಾಗಿ ತಳ್ಳಿ, “ರೈಟ್!” ಎಂದು ಓಡಿದ. ಓಡಲೇಬೇಕಾದ ರನ್ ಅದು. ಆ ಹುಡುಗನಿಗೆ ರೂಢಿ ಗೊತ್ತಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಅಜೇಯಣ್ಣ ಗೆರೆಯ ಒಳಗೆ ಬ್ಯಾಟ್ ಊರಿ ಕಂಬದಂತೆ ನಿಂತ. ಕಂಡಕ್ಟರ್ ಅವನ ಪಕ್ಕದವರೆಗೂ ಬಂದುಬಿಟ್ಟ. ಇಬ್ಬರೂ ಒಂದೇ ತುದಿಯಲ್ಲಿ. ಅತ್ತ ತುದಿಯಲ್ಲಿ ಬೇಲ್ಸ್ ಹಾರಿದವು.

“ಅಣ್ಣಾ, ರೈಟ್ ಅಂದೆನಲ್ಲಣ್ಣಾ,” ಎಂದ ಕಂಡಕ್ಟರ್. ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು ಅವನ ದನಿಯಲ್ಲಿ. ಆಮೇಲೆ ಬ್ಯಾಟನ್ನು ನೆಲಕ್ಕೆ ಎಳೆದುಕೊಂಡು ಹೋದ.

ಉಳಿದಿದ್ದವರು ಇಬ್ಬರು. ಮೆಕಾನಿಕ್ ಬಂದ, ಸ್ಟಂಪು ಹಾರಿತು. ಕಾವಲುಗಾರ ಬಂದ, ಕಣ್ಣು ಮುಚ್ಚಿ ಬೀಸಿದ, ಅವನ ಸ್ಟಂಪೂ ಹಾರಿತು. ಪಂದ್ಯ ಮುಗಿಯಿತು. ಸೋಲು. ಎದುರು ತುದಿಯಲ್ಲಿ ಎಕ್ಸ್‌ಪ್ರೆಸ್‌ನ ಒಂದು ಚೆಂಡನ್ನೂ ಎದುರಿಸದೆ ಅಜೇಯಣ್ಣ ನಿಂತೇ ಇದ್ದ. ಧ್ವನಿವರ್ಧಕ ಕರಕರ ಎಂದು ಗಂಟಲು ಸರಿಮಾಡಿಕೊಂಡು ಸಾರಿತು: “ಕೊನೆಯವರೆಗೂ ಏಕಾಂಗಿಯಾಗಿ ನಿಂತ ನಮ್ಮ ಅಜೇಯಣ್ಣ, ನಾಲ್ಕು ರನ್, ಅಜೇಯ!”

ಜನ ಚಪ್ಪಾಳೆ ತಟ್ಟಿದರು. “ಪಾಪ, ಅವನೊಬ್ಬ ಏನು ಮಾಡ್ತಾನೆ, ಜೊತೆ ಕೊಡೋರೇ ಇಲ್ಲ,” ಎಂದರು.

ಅವನು ತಲೆ ತಗ್ಗಿಸಿ ನಡೆದು ಬರುವಾಗ ನೀರಿನ ಕ್ಯಾನಿನ ಪಕ್ಕ ಟೈರು ಎದ್ದು ನಿಂತ. ಲೋಟ ತುಂಬಿಸಿ ಚಾಚಿದ. ಅವನ ಕಣ್ಣು ಭಾವನ ಕಣ್ಣಿಗೆ ಒಂದು ಕ್ಷಣ ತಾಗಿತು, ತಕ್ಷಣ ಕೆಳಗಿಳಿಯಿತು. ಬೈದಿದ್ದರೆ ಸಹಿಸಬಹುದಿತ್ತು. ನಾಚಿಕೊಳ್ಳಬೇಕಾದವನಿಗಿಂತ ಮೊದಲು ಅವನೇ ನಾಚಿಕೊಂಡಿದ್ದ, ಭಾವನ ಮಾನವನ್ನು ಬರಿಗಣ್ಣಿನಿಂದ ನೋಡಬಾರದೆಂಬಂತೆ. ಅಜೇಯಣ್ಣ ಕುಡಿಯದೆ ಲೋಟ ಹಿಂದಿರುಗಿಸಿದ.

ಮರದ ಕೆಳಗೆ ಗುಮಾಸ್ತರು ಆಗಲೇ ಗುಣಿಸಿ ಭಾಗಿಸಿ ಮುಗಿಸಿದ್ದರು. “ಎಪ್ಪತ್ತು ದಾಟಿತು ಮೇಷ್ಟ್ರೇ! ಔಟಾಗಲಿಲ್ಲವಲ್ಲ, ಹೊಡೆದ ನಾಲ್ಕೂ ಲಾಭ!”

ಮೇಷ್ಟ್ರು ಮುಗುಳ್ನಕ್ಕರು. “ಹೆಸರು ಬರ್ಕೋತೀನಿ. ಆ ಬೌಂಡರಿ ಚೆನ್ನಾಗಿತ್ತು. ಅಂಕಿಗೆ ತಕ್ಕ ಹೊಡೆತ.”

“ಬೇಡ ಮೇಷ್ಟ್ರೇ,” ಎಂದ ಅಜೇಯಣ್ಣ. “ಆ ಜಾಗ ನನ್ನ ಭಾವಮೈದಂದು. ಅಲ್ಲಿ ನೀರು ಕೊಡ್ತಿದ್ದಾನಲ್ಲ, ಅವನದು. ವೇಗದವರನ್ನೆಲ್ಲ ಇಷ್ಟು ದಿನ ಅವನೇ ಆಡಿದ್ದು. ನಾನು ಅವನ ಬೆನ್ನ ಹಿಂದೆ ಅವಿತುಕೊಂಡಿದ್ದೆ. ನನ್ನ ಎಪ್ಪತ್ತು ಅವನ ಮೈಮೇಲಿನ ಏಟು.”

ಕೊನೆಗೂ ಹೇಳಿಬಿಟ್ಟಿದ್ದ. ಎದೆ ಹಗುರಾಗಲು ಕಾದ. ಆದರೆ ಮೇಷ್ಟ್ರ ಮುಖದಲ್ಲಿ ಬೇರೆಯದೇ ಬೆಳಕು ಮೂಡಿತು. ಅವರು ಎದ್ದು ನಿಂತು ಅವನ ಭುಜ ಹಿಡಿದರು.

“ಈ ಕಾಲದಲ್ಲಿ ಹೀಗೆ ಹೇಳೋರು ಯಾರಪ್ಪಾ? ಭಾವಮೈದನಿಗೋಸ್ಕರ ತನ್ನನ್ನೇ ಹಳಿದುಕೊಳ್ಳೋದು!”

“ನಿನ್ನೆ ನ್ಯಾಯ, ಇವತ್ತು ತ್ಯಾಗ,” ಎಂದರು ಸಾಹೇಬರು. “ನಮ್ಮ ಡಿಪೋದ ಸಂಸ್ಕಾರ ಮೇಷ್ಟ್ರೇ.”

“ಅಂಕಿ ಮುಂದೆ ವಿನಯ ನಡೆಯಲ್ಲ ಅಜೇಯಣ್ಣ,” ಎಂದು ಗುಮಾಸ್ತರು ಅವನ ಬೆನ್ನು ತಟ್ಟಿದರು.

ಅಜೇಯಣ್ಣ ದಂಗಾಗಿ ನಿಂತ. ಕಳ್ಳ ತಾನೇ ಕಳ್ಳನೆಂದರೂ ಊರು ಸಾಧುವೆಂದು ಹಾರ ಹಾಕುತ್ತಿದೆ. ಒಮ್ಮೆ ಒಳ್ಳೆಯ ಹೆಸರು ಬಂತೆಂದರೆ ಅದು ಬಡ್ಡಿಯಂತೆ ಬೆಳೆಯುತ್ತದೆ. ಸತ್ಯ ಹೇಳಿದರೂ ಅದರ ಅಸಲಿಗೇ ಜಮಾ ಆಗುತ್ತದೆ. ಮಾತಿನಿಂದ ಇನ್ನು ಆಗುವುದಿಲ್ಲ ಎಂದು ಅವನಿಗೆ ಅರ್ಥವಾಯಿತು.

ಆಚೆ ಎಕ್ಸ್‌ಪ್ರೆಸ್ ಶೂ ಬಿಚ್ಚುತ್ತ ಕೂತಿದ್ದ. ಅಜೇಯಣ್ಣ ಅವನ ಹತ್ತಿರ ಹೋದ.

“ಒಂದು ಓವರ್ ಹಾಕ್ತೀರಾ? ನನಗೆ.”

“ಬಸ್ಸು ಶೆಡ್ಡಿಗೆ ಹಾಕಿ ಆಯ್ತು ಗುರುವೇ. ಮತ್ತೆ ಎಬ್ಬಿಸ್ತೀರಲ್ಲ?”

“ದಯವಿಟ್ಟು. ಪೂರ್ತಿ ವೇಗದಲ್ಲಿ. ಕರುಣೆ ತೋರಿಸಬೇಡಿ.”

ಅವನ ಮುಖದಲ್ಲಿ ಏನು ಕಂಡಿತೋ, ಎಕ್ಸ್‌ಪ್ರೆಸ್ ಮತ್ತೆ ಶೂ ಏರಿಸಿದ. ಮನೆಗೆ ಹೊರಟಿದ್ದವರು ನಿಂತರು. ಮೇಷ್ಟ್ರು ಕುರ್ಚಿ ತಿರುಗಿಸಿಕೊಂಡರು. “ಓಹೋ, ಅಜೇಯಣ್ಣ ಸೇಡು ತೀರಿಸ್ತಾರೆ ಇವಾಗ!” ಎಂದು ಮೆಕಾನಿಕ್ ಸಿಳ್ಳೆ ಹಾಕಿದ.

ಟೈರಿಗೆ ಮಾತ್ರ ತಿಳಿಯಿತು. ಕ್ಯಾನನ್ನು ಅಲ್ಲೇ ಬಿಟ್ಟು ಓಡಿ ಬಂದ. “ಭಾವ, ಏನು ಮಾಡ್ತಿದ್ದೀರಾ? ನಡೀರಿ ಮನೆಗೆ. ಅಕ್ಕ ಕಾಯ್ತಿರ್ತಾಳೆ.”

“ಪಕ್ಕಕ್ಕೆ ನಿಲ್ಲು,” ಎಂದ ಅಜೇಯಣ್ಣ. ಅಂಥ ದನಿಯಲ್ಲಿ ಅವನು ಭಾವಮೈದನೊಡನೆ ಎಂದೂ ಮಾತಾಡಿದವನಲ್ಲ.

ಎದುರು ತುದಿಯಲ್ಲಿ ಯಾರೂ ಇರಲಿಲ್ಲ. ಬೇಕೆಂದೇ ಹೆದರಿದವನಂತೆ ನಟಿಸೋಣ, ಅಷ್ಟರಿಂದ ಇವರಿಗೆ ತಿಳಿದೀತು ಎಂದು ಅವನು ಎಣಿಸಿದ್ದ. ನಟಿಸಬೇಕಾಗಲಿಲ್ಲ. ಎಕ್ಸ್‌ಪ್ರೆಸ್ ಓಟ ಶುರು ಮಾಡಿದೊಡನೆ ಅವನ ಕಾಲು ತಾನಾಗಿ ಹಿಂದೆ ಸರಿಯಿತು, ಮತ್ತೂ ಸರಿಯಿತು. ಚೆಂಡು ಮಧ್ಯದ ಸ್ಟಂಪನ್ನು ಕಿತ್ತುಕೊಂಡು ಹೋಗುವಾಗ ಅವನು ಪಿಚ್ಚಿನ ಹೊರಗಿನ ಹುಲ್ಲಿನ ಮೇಲಿದ್ದ.

ಜನ ಘೊಳ್ಳೆಂದು ನಕ್ಕರು. “ಅಜೇಯಣ್ಣ, ಬಸ್ ಸ್ಟಾಪ್ ಅಲ್ಲಿಲ್ಲ, ಇಲ್ಲಿದೆ!” ಎಂದು ಯಾರೋ ಕೂಗಿದರು. ತಮಾಷೆ ಮಾಡುತ್ತಿದ್ದಾನೆ ಎಂದೇ ಅವರು ತಿಳಿದರು.

ಎರಡನೆಯದಕ್ಕೂ ಹಾಗೇ. ಈ ಸಲ ನಗು ಕಡಿಮೆಯಿತ್ತು.

ಮೂರನೆಯದಕ್ಕೆ ಅವನು ಹಲ್ಲು ಕಚ್ಚಿ, ಕಾಲನ್ನು ನೆಲಕ್ಕೆ ಹೂಳುವವನಂತೆ ಊರಿ ನಿಂತ. ಈ ಒಂದನ್ನಾದರೂ ನಿಜವಾಗಿ ಆಡಬೇಕೆಂದು ಆಸೆಯಾಯಿತು. ಚೆಂಡು ಎದ್ದು ಬಂತು. ಬ್ಯಾಟು ಕೈಯಿಂದ ಜಾರಿತು. ಅವನು ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟ. ಚೆಂಡು ತಲೆಯ ಮೇಲೆ ಹಾದು ಎಷ್ಟೋ ಹೊತ್ತಾದ ಮೇಲೂ ಹಾಗೇ ಕೂತಿದ್ದ.

ಈಗ ಯಾರೂ ನಗಲಿಲ್ಲ. ಗುಮಾಸ್ತರು ಕನ್ನಡಕ ತೆಗೆದು ಒರೆಸತೊಡಗಿದರು. ಕಂಡಕ್ಟರ್ ಬಾಯಿ ತೆರೆದುಕೊಂಡು ನೋಡುತ್ತಿದ್ದ. ತನಗೆ ರನ್ ಯಾಕೆ ಸಿಗಲಿಲ್ಲವೆಂದು ಅವನಿಗೆ ಈಗ ಹೊಳೆಯುತ್ತಿತ್ತು.

“ಸಾಕು,” ಎಂದರು ಮೇಷ್ಟ್ರು, ನಿಧಾನವಾಗಿ. “ಅವನು ಹೇಳಿದ್ದು ನಿಜ.” ಆಮೇಲೆ ಟೈರಿನ ಕಡೆ ತಿರುಗಿದರು. “ನೀನು ಬಾಪ್ಪಾ. ಪ್ಯಾಡ್ ಕಟ್ಟು.”

“ನಾನು ಆಡಲ್ಲ,” ಎಂದ ಟೈರು. ಅವನ ಬಿಳಿ ಹಲ್ಲುಗಳು ಕಾಣದ ಮೊದಲ ಹೊತ್ತು ಅದು. ಭಾವನ ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ ಬುಸುಗುಟ್ಟಿದ. “ಯಾರು ಕೇಳಿದ್ರು ನಿಮ್ಮನ್ನ? ಹೀಗೆ ಹತ್ತು ಜನರ ಮುಂದೆ ಕುಕ್ಕರಗಾಲಲ್ಲಿ ಕೂರಲಿ ಅಂತ ನಾನು ಏಟು ತಿಂದದ್ದಾ? ಏನು ಉಳಿಸಬೇಕು ಅಂತ ಇಷ್ಟು ದಿನ ಕಷ್ಟಪಟ್ಟೆನೋ ಅದನ್ನೇ ಬೀದಿಗೆ ಹಾಕಿದ್ರಲ್ಲ!”

ಅಜೇಯಣ್ಣ ತನ್ನ ಪ್ಯಾಡುಗಳನ್ನು ಬಿಚ್ಚಿದ. ಮೊಣಕಾಲೂರಿ ಕೂತು, ಒಂದನ್ನು ಟೈರಿನ ಕಾಲಿಗೆ ಹಚ್ಚಿ ಪಟ್ಟಿ ಎಳೆಯತೊಡಗಿದ.

ಟೈರು ಬೆಂಕಿ ತುಳಿದವನಂತೆ ಹಿಂದಕ್ಕೆ ಜಿಗಿದ. “ಭಾವ! ಕಾಲು ಮುಟ್ಟಬೇಡಿ! ನಿಮಗೇನು ತಲೆ ಕೆಟ್ಟಿದೆಯಾ?”

“ಕಾಲು ಮುಟ್ತಿಲ್ಲ, ಪಟ್ಟಿ ಕಟ್ತಿದ್ದೀನಿ. ಅಲ್ಲಾಡಬೇಡ, ಸಡಿಲ ಆಗುತ್ತೆ.”

ಟೈರು ಅಲ್ಲಾಡಲಿಲ್ಲ. ಆಕಾಶ ನೋಡುತ್ತ ನಿಂತ.

ಅವನು ಆಡಿದ. ಮೊದಲ ಚೆಂಡು ತೊಡೆಗೆ ಬಿತ್ತು. ‘ಹಾ’ ಎಂಬ ಸದ್ದು ದೂರದವರೆಗೂ ಕೇಳಿತು. ಎರಡನೆಯದನ್ನು ತಡೆದ. ಮೂರನೆಯದನ್ನು ಮೆಲ್ಲಗೆ ತಿರುಗಿಸಿದ, ಖಾಲಿ ಜಾಗಕ್ಕೆ, ಒಂದೇ ಒಂದು ರನ್ನಿನ ಹೊಡೆತ. ಜೊತೆಗೆ ಓಡುವವರು ಯಾರೂ ಇಲ್ಲದಿದ್ದರೂ ಅವನು ಓಡಿದ. ಎದುರು ತುದಿ ಮುಟ್ಟಿ ನಿಂತು, ಏದುಸಿರು ಬಿಡುತ್ತ, ಬ್ಯಾಟಿನ ಮೇಲೆ ಗಲ್ಲ ಊರಿದ. ಮೇಷ್ಟ್ರು ಗುಮಾಸ್ತರ ಹಾಳೆಯನ್ನು ಮಡಚಿ ಅವರ ಕೈಗೇ ಕೊಟ್ಟು, “ಸೋಮವಾರದಿಂದ ಅಭ್ಯಾಸಕ್ಕೆ ಬರ್ಲಿ,” ಎಂದರು. ಯಾರು ಎಂದು ಯಾರೂ ಕೇಳಲಿಲ್ಲ.

ಜನ ಕರಗಿದರು. ಹೋಗುವಾಗ ಯಾರೂ ಅಜೇಯಣ್ಣ ಎಂದು ಕರೆಯಲಿಲ್ಲ. ಬೇರೆ ಏನೆಂದು ಕರೆಯಬೇಕೆಂದೂ ಅವರಿಗೆ ತೋಚಿರಲಿಕ್ಕಿಲ್ಲ. ಒಬ್ಬಿಬ್ಬರು ತಲೆ ಅಲ್ಲಾಡಿಸಿದರು, ಮಿಕ್ಕವರು ಬೇರೆ ಕಡೆ ನೋಡುತ್ತ ಸೈಕಲ್ಲಿನ ಬೀಗ ತೆಗೆದರು.

ಮನೆಯ ಹಾದಿಯಲ್ಲಿ ಟೈರು ಹತ್ತು ಹೆಜ್ಜೆ ಮುಂದೆ ಕುಂಟುತ್ತ ನಡೆದ. ಬಾಗಿಲ ಹತ್ತಿರ ಬಂದಾಗ ಒಳಗೆ ಹೋಗದೆ ಹೊರಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಭಾವನಿಗೆ ದಾರಿ ಬಿಡಲು ಮೊಣಕಾಲನ್ನು ಪಕ್ಕಕ್ಕೆ ಸರಿಸಿದ, ಅಷ್ಟೇ.

ಒಳಗೆ ಯಂತ್ರ ಟಕಟಕ ಓಡುತ್ತಿತ್ತು. ಹೆಂಡತಿ ತಲೆ ಎತ್ತದೆ ಕೇಳಿದಳು. “ಏನಾಯ್ತು? ಇವತ್ತೂ ಅಜೇಯಾನಾ?”

ಅವನು ಬಾಗಿಲ ಬಳಿಯೇ ನಿಂತು ಹೇಳಿದ.

“ಯಂತ್ರ ನಿಲ್ಲಿಸು. ನಿನ್ನೆ ನೀನೊಂದು ಮಾತು ಕೇಳಿದೆಯಲ್ಲ, ಅದಕ್ಕೆ ಉತ್ತರ ಕೊಡಬೇಕಾದವನು ನಾನು.”

ಅವಳು ಗಾಲಿಯ ಮೇಲೆ ಅಂಗೈ ಇಟ್ಟಳು. ಯಂತ್ರ ನಿಂತಿತು.